ಅಳತೆ ಟೇಪಿನಿಂದ ಶುರುವಾಗುವ ಆರೈಕೆ ಯೋಜನೆ

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಐಸಿಯುವಿನಲ್ಲಿ ನನಗೆ ವಹಿಸಿರುವ ರೋಗಿ ಉಡುಪಿ ಜಿಲ್ಲೆಯ ಹಳ್ಳಿಯೊಂದರ ಮಹಿಳೆ. ವಯಸ್ಸು 46, ತೂಕ 64 ಕಿಲೋ. ನೇಜಿ (ಭತ್ತದ ಸಸಿ) ನೆಡುವ ಕೆಲಸಕ್ಕೆ ಹೋಗುತ್ತಿದ್ದವರು. ಇಲಿಜ್ವರದಿಂದ ಎಆರ್‌ಡಿಎಸ್ (ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರಾಟ ಸೋಲುವ ಸ್ಥಿತಿ) ಆಗಿ ವೆಂಟಿಲೇಟರ್‌ನಲ್ಲಿದ್ದಾರೆ. ಕೊಡುವ ಗಾಳಿಯಲ್ಲಿ ಆಮ್ಲಜನಕ ಶೇ. 70, ಪೀಪ್ (ಉಸಿರು ಹೊರಹೋದ ಮೇಲೂ ಯಂತ್ರ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 12, ಎಬಿಜಿಯಲ್ಲಿ (ಅಪಧಮನಿ ರಕ್ತದ ಅನಿಲ ಪರೀಕ್ಷೆಯಲ್ಲಿ) ಆಮ್ಲಜನಕದ ಒತ್ತಡ 78. ಪ್ಲೇಟ್‌ಲೆಟ್ 42 ಸಾವಿರ, ಕ್ರಿಯಾಟಿನಿನ್ 3.1. ಪುಸ್ತಕ ನೋಡಿ, 'ಅನಿಲ ವಿನಿಮಯದಲ್ಲಿ ಅಡಚಣೆ' ಎಂಬ ಶುಶ್ರೂಷಾ ನಿದಾನ (ನರ್ಸ್ ಗುರುತಿಸುವ ಸಮಸ್ಯೆ), 'ರೋಗಿಯ ಉಸಿರಾಟ ಸುಧಾರಿಸುತ್ತದೆ' ಎಂಬ ಗುರಿ ಹಾಕಿ ಆರೈಕೆ ಯೋಜನೆ ಬರೆದೆ. 'ಇದು ಪುಸ್ತಕದ ರೋಗಿ, ನಿನ್ನ ರೋಗಿ ಎಲ್ಲಿ?' ಎಂದು ಮೇಡಂ ಹಿಂತಿರುಗಿಸಿದರು. ಎಲ್ಲಿ ತಪ್ಪಿದೆ? ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಯಸ್ಸು ಇದೆ, ತೂಕ ಇದೆ, ರಕ್ತದ ವರದಿ ಇದೆ. ಎತ್ತರ ಇಲ್ಲ. ಬಹುಶಃ ನಿಮ್ಮ ಆರೈಕೆ ಯೋಜನೆಯಲ್ಲೂ ಇರಲಿಕ್ಕಿಲ್ಲ. ಹಾಗಾಗಿ ಶುಶ್ರೂಷಾ ನಿದಾನಗಳ ಪಟ್ಟಿಗೆ ಹೋಗುವ ಮೊದಲು ಒಂದು ಅಳತೆ ಟೇಪು ತೆಗೆದುಕೊಂಡು ಅವರ ಹಾಸಿಗೆಯ ಬಳಿಗೆ ಹೋಗಿ ಎಂದು ಹೇಳುತ್ತೇನೆ. ದರ್ಜಿಗಳು ಬಳಸುವ ಟೇಪು ಸಾಕು. ಹಾಸಿಗೆಯ ತಲೆಭಾಗ ಏರಿಸಿಯೇ ಇದ್ದರೆ ನೆತ್ತಿಯಿಂದ ಸೊಂಟದವರೆಗೆ ಒಮ್ಮೆ, ಸೊಂಟದಿಂದ ಹಿಮ್ಮಡಿಯವರೆಗೆ ಇನ್ನೊಮ್ಮೆ ಅಳೆದು ಕೂಡಿಸಿ. ಇದು ಏಕೆ ಮೊದಲ ಕೆಲಸ ಎಂಬುದು ಅರ್ಥವಾದರೆ ಉಳಿದ ಯೋಜನೆಯ ಅರ್ಧ ಭಾಗ ತಾನಾಗಿಯೇ ಬರುತ್ತದೆ.

ಅವರ ಎದೆಯೊಳಗೆ ಏನಾಗಿದೆ ಎಂಬುದನ್ನು ಅವರದೇ ಕೆಲಸದ ನೆಲದಿಂದ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಗುರುತಿಸುತ್ತಾರಲ್ಲ. ಆಟಿಯ ಮಳೆ ಹಿಡಿದು ಸುರಿದಾಗ ತಗ್ಗಿನ ಬೈಲುಗದ್ದೆ ಮುಳುಗುತ್ತದೆ, ನಡುವಿನ ಮಜಲು ಅರ್ಧ ಮುಳುಗಿ ಅರ್ಧ ಎದ್ದಿರುತ್ತದೆ, ಎತ್ತರದ ಬೆಟ್ಟುಗದ್ದೆ ಮಾತ್ರ ಉಳಿದಿರುತ್ತದೆ. ಎಆರ್‌ಡಿಎಸ್‌ನಲ್ಲಿ ಶ್ವಾಸಕೋಶದ ಗಾಳಿಚೀಲಗಳ ಗೋಡೆ ಸೋರಿ ಒಳಗೆ ದ್ರವ ತುಂಬುತ್ತದೆ. ಅಂಗಾತ ಮಲಗಿದವರಲ್ಲಿ ಬೆನ್ನಿನ ಕಡೆಯ ಭಾಗ ಬೈಲು. ಅದು ಮುಳುಗಿ, ಮೇಲಿನ ಭಾರಕ್ಕೆ ಕುಸಿದೂ ಇರುತ್ತದೆ. ಎದೆಯ ಮುಂಭಾಗ ಬೆಟ್ಟು; ಉಸಿರಾಡುತ್ತಿರುವುದು ಅದೊಂದೇ. ನಡುವಿನ ಮಜಲನ್ನು ಉಳಿಸಿಕೊಳ್ಳುವುದಕ್ಕೆ ಪೀಪ್. ಇಟಲಿಯ ವೈದ್ಯ ಲೂಸಿಯಾನೊ ಗಟ್ಟಿನೋನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿ, ಈ ಉಳಿದ ಪುಟ್ಟ ಭಾಗಕ್ಕೆ 'ಬೇಬಿ ಲಂಗ್' ಎಂದರು. ದೊಡ್ಡವರ ಎದೆಯಲ್ಲಿ ಮಗುವಿನಷ್ಟು ಶ್ವಾಸಕೋಶ. ವೆಂಟಿಲೇಟರ್ ತಳ್ಳುವ ಗಾಳಿಯೆಲ್ಲ ಆ ಪುಟ್ಟ ಭಾಗಕ್ಕೇ ಹೋಗುತ್ತದೆ. ಹೆಚ್ಚು ತಳ್ಳಿದರೆ ಉಳಿದಿರುವ ಬೆಟ್ಟೂ ಹರಿಯುತ್ತದೆ.

ಎಷ್ಟು ತಳ್ಳಬೇಕು ಎಂಬುದಕ್ಕೆ ದೊಡ್ಡ ಉತ್ತರ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 861 ರೋಗಿಗಳಲ್ಲಿ ಪ್ರತಿ ಉಸಿರಿಗೆ ಕಿಲೋಗೆ 12 ಮಿ.ಲೀ. ಮತ್ತು 6 ಮಿ.ಲೀ. ಗಾಳಿಯನ್ನು ಹೋಲಿಸಿ ನೋಡಿತು. 12ರ ಗುಂಪಿನಲ್ಲಿ ಶೇ. 39.8 ಮಂದಿ ತೀರಿಕೊಂಡರು. 6ರ ಗುಂಪಿನಲ್ಲಿ ಶೇ. 31. ಔಷಧವೊಂದನ್ನೂ ಬದಲಿಸದೆ, ಗಾಳಿಯ ಅಳತೆಯನ್ನಷ್ಟೇ ತಗ್ಗಿಸಿ ಉಳಿಸಿದ ಜೀವಗಳು ಇವು. ಆದರೆ ಇಲ್ಲಿ 'ಕಿಲೋ' ಎಂದರೆ ತೂಕದ ಯಂತ್ರ ತೋರಿಸುವ ಕಿಲೋ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ ಕಿಲೋ. ಮೈ ತುಂಬಿಕೊಂಡರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಗಾತ್ರ ಎತ್ತರವನ್ನು ಅನುಸರಿಸುತ್ತದೆ. ಹೆಂಗಸರಿಗೆ ಸೂತ್ರ ಹೀಗಿದೆ: ಸೆಂಟಿಮೀಟರ್‌ನಲ್ಲಿ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, 45.5ಕ್ಕೆ ಕೂಡಿಸಿ. ಗಂಡಸರಿಗೆ 45.5ರ ಬದಲು 50.

ನಿಮ್ಮ ರೋಗಿಯ ಎತ್ತರ 150 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಲೆಕ್ಕದ ತೂಕ 43.3 ಕಿಲೋ ಬರುತ್ತದೆ. ಅದಕ್ಕೆ 6 ಮಿ.ಲೀ. ಎಂದರೆ ಒಂದು ಉಸಿರಿಗೆ 260 ಮಿ.ಲೀ. ಯಾರಾದರೂ ಕೇಸ್ ಶೀಟಿನ 64 ಕಿಲೋ ಹಿಡಿದು ಲೆಕ್ಕ ಹಾಕಿದರೆ 384 ಬರುತ್ತದೆ. ಅದು ಅವರ ಶ್ವಾಸಕೋಶಕ್ಕೆ ಕಿಲೋಗೆ ಸುಮಾರು 9 ಮಿ.ಲೀ. ಗಿಡ್ಡಗಿರುವ ನಮ್ಮ ಹೆಂಗಸರ ವಿಷಯದಲ್ಲಿ ಈ ತಪ್ಪು ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ವೆಂಟಿಲೇಟರ್ ಹೊಂದಿಸುವವರು ವೈದ್ಯರು, ನಿಜ. ಆದರೆ ಎತ್ತರ ಅಳೆದು ಹಾಳೆಯ ತಲೆಯಲ್ಲಿ ಬರೆದಿಡುವ ಕೈ ನಿಮ್ಮದು. '150 ಸೆಂ.ಮೀ., ಲೆಕ್ಕದ ತೂಕ 43.3, 6 ಮಿ.ಲೀ.ಗೆ 260' ಎಂಬ ಒಂದೇ ಸಾಲು ಹಾಸಿಗೆಯ ಬಳಿ ಅಂಟಿಸಿದ್ದರೆ ರಾತ್ರಿ ಎರಡು ಗಂಟೆಗೆ ಯಂತ್ರದ ಮುಂದೆ ನಿಲ್ಲುವ ಯಾರೂ ಊಹಿಸಬೇಕಾಗಿಲ್ಲ.

ಈ ಅಂಕಿ ಗೊತ್ತಿದ್ದ ಮೇಲೆ ನಿಮ್ಮ ಕಣ್ಣು ಬೇರೆಯಾಗುತ್ತದೆ. ರೋಗಿ ಯಂತ್ರದೊಂದಿಗೆ ಹೊಂದಿಕೊಳ್ಳದೆ, ಒಂದು ಉಸಿರು ಹೊರಹೋಗುವ ಮೊದಲೇ ಇನ್ನೊಂದನ್ನು ಎಳೆದುಕೊಳ್ಳುವುದುಂಟು. ಪರದೆಯಲ್ಲಿ ಎರಡು ಗುಡ್ಡಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಹಾಗಾದರೆ 260ರ ಮೇಲೆ 260. ಒಂದೇ ಸಲಕ್ಕೆ 520 ಮಿ.ಲೀ., ಅಂದರೆ ಕಿಲೋಗೆ 12. ಯಾವ ಅಳತೆಯಿಂದ ಹೆಚ್ಚು ಮಂದಿ ಸತ್ತರೋ ಅದೇ ಅಳತೆ, ಯಾರೂ ಆದೇಶ ಕೊಡದೆ ಒಳಗೆ ಹೋಗುತ್ತಿರುತ್ತದೆ. ವೈದ್ಯರು ರೌಂಡ್ಸಿಗೆ ಬಂದಾಗ ಹತ್ತು ನಿಮಿಷ ಇರುತ್ತಾರೆ. ಎಂಟು ಗಂಟೆ ಅಲ್ಲಿರುವವರು ನೀವು. ಅದನ್ನು ಹಿಡಿಯಬಲ್ಲವರೂ ನೀವೇ.

ಈಗ ನಿಮ್ಮ ಮೇಡಂ ಹೇಳಿದ ಮಾತಿಗೆ ಬರುತ್ತೇನೆ. 'ಅನಿಲ ವಿನಿಮಯದಲ್ಲಿ ಅಡಚಣೆ' ಎಂಬ ನಿದಾನ ಸರಿಯೇ. 'ರೋಗಿಯ ಉಸಿರಾಟ ಸುಧಾರಿಸುತ್ತದೆ' ಎಂಬ ಗುರಿಯಲ್ಲಿ ಎಡವಿದ್ದೀರಿ. ಎಷ್ಟು ಸುಧಾರಿಸಬೇಕು, ಯಾವಾಗಿನೊಳಗೆ, ಆಗದಿದ್ದರೆ ಯಾರನ್ನು ಕರೆಯಬೇಕು? ರಕ್ತದ ಆಮ್ಲಜನಕದ ಒತ್ತಡ 78ನ್ನು ಕೊಡುವ ಆಮ್ಲಜನಕದ ಪ್ರಮಾಣ 0.7ರಿಂದ ಭಾಗಿಸಿದರೆ ಅವರ ಪಿ-ಎಫ್ ಅನುಪಾತ 111. 2012ರ ಬರ್ಲಿನ್ ವ್ಯಾಖ್ಯೆಯ ಪ್ರಕಾರ 200ರಿಂದ 300 ಲಘು, 100ರಿಂದ 200 ಮಧ್ಯಮ, 100 ಮತ್ತು ಅದಕ್ಕಿಂತ ಕೆಳಗೆ ತೀವ್ರ. ಅಂದರೆ ನಿಮ್ಮ ರೋಗಿ ಮಧ್ಯಮ ದರ್ಜೆಯಲ್ಲಿದ್ದಾರೆ, ಆದರೆ ತೀವ್ರದ ಹೊಸ್ತಿಲಿನಲ್ಲಿ ಒಂದು ಕಾಲಿಟ್ಟಿದ್ದಾರೆ. ಇದನ್ನು ಯೋಜನೆಯಲ್ಲಿ ಹಾಗೆಯೇ ಬರೆಯಿರಿ. ಗುರಿ ಹೀಗಿರಲಿ: 'ಈ ಪಾಳಿಯಲ್ಲಿ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 88ರಿಂದ 95ರ ನಡುವೆ, ಪ್ಲಾಟೋ ಒತ್ತಡ (ಗಾಳಿ ತುಂಬಿ ನಿಂತಾಗ ಶ್ವಾಸಕೋಶದೊಳಗಿನ ಒತ್ತಡ) 30 ಮೀರಬಾರದು, ಪಿಎಚ್ ವೈದ್ಯರು ಒಪ್ಪಿದ ಮಿತಿಗಿಂತ ಇಳಿದರೆ ತಕ್ಷಣ ತಿಳಿಸುವುದು.' ಸ್ಯಾಚುರೇಶನ್ 99 ಮಾಡಬೇಕೆಂಬ ಆಸೆಯಿಂದ ಆಮ್ಲಜನಕ ಏರಿಸುತ್ತಾ ಹೋಗಬೇಡಿ. ಗಾಳಿ ಕಡಿಮೆ ಕೊಡುವುದರಿಂದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರುತ್ತದೆ. ಅದು ಗೊತ್ತಿದ್ದೇ ಒಪ್ಪಿಕೊಂಡ ಬೆಲೆ. ಗೊತ್ತಿಲ್ಲದವರು ಎಬಿಜಿ ನೋಡಿ ಗಾಬರಿಯಾಗುತ್ತಾರೆ.

ಪುಸ್ತಕದಿಂದ ಇಳಿಸಿದ ಇನ್ನೊಂದು ಸಾಲು ನಿಮ್ಮ ಯೋಜನೆಯಲ್ಲಿ ಇದ್ದೇ ಇರುತ್ತದೆ: 'ಎರಡು ಗಂಟೆಗೊಮ್ಮೆ ಸಕ್ಷನ್', ಅಂದರೆ ನಳಿಕೆಯಿಂದ ಕಫ ಎಳೆದು ತೆಗೆಯುವುದು. ಇದರ ಬಗ್ಗೆ ನನಗೆ ಹೇಳಲೇಬೇಕಾದ ಒಂದು ಕಥೆ ಇದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಪೀಪ್ 14ರಲ್ಲಿದ್ದ ಹುಡುಗನೊಬ್ಬನಿಗೆ ಗಡಿಯಾರ ನೋಡಿ ಸಕ್ಷನ್ ಮಾಡಲು ಹೋದೆ. ಕಫ ಇರಲಿಲ್ಲ, ಗಂಟೆ ಆಗಿತ್ತು ಅಷ್ಟೇ. ಶ್ವಾಸನಾಳದ ಕೊಳವೆಯನ್ನು ಯಂತ್ರದಿಂದ ಬಿಡಿಸಿದೆ. 'ಫುಸ್' ಎಂದು ಗಾಳಿ ಹೊರಬಂದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಹೊರಗೆ ಹೋದದ್ದು ಪೀಪ್. ಗಂಟೆಗಟ್ಟಲೆ ಹಿಡಿದು ತೆರೆದಿಟ್ಟಿದ್ದ ಮಜಲುಗದ್ದೆಯೆಲ್ಲ ಆ ಒಂದು ಕ್ಷಣದಲ್ಲಿ ಮತ್ತೆ ಮುಳುಗಿತು. 91 ಇದ್ದ ಸ್ಯಾಚುರೇಶನ್ 72ಕ್ಕೆ ಇಳಿಯಿತು. ಮತ್ತೆ 90 ಕಾಣಲು ಮುಕ್ಕಾಲು ಗಂಟೆ ಹಿಡಿಯಿತು. ಹುಡುಗ ಬದುಕಿದ. ಆದರೆ ಆ ಮುಕ್ಕಾಲು ಗಂಟೆ ಅವನ ಹಾಸಿಗೆಯ ಬಳಿ ನಿಂತಿದ್ದ ನಾನು ಮತ್ತೆಂದೂ ಗಡಿಯಾರ ನೋಡಿ ಸಕ್ಷನ್ ಮಾಡಲಿಲ್ಲ.

ಹಾಗಾಗಿ ನೀವು ಬರೆಯಬೇಕಾದದ್ದು ಇಷ್ಟು: ಮುಚ್ಚಿದ (ಕೊಳವೆಯನ್ನು ಯಂತ್ರದಿಂದ ಬಿಡಿಸದೆಯೇ ಕಫ ಎಳೆಯುವ) ಸಕ್ಷನ್ ವ್ಯವಸ್ಥೆಯನ್ನೇ ಬಳಸುವುದು, ಕೊಳವೆಯಲ್ಲಿ ಕಫ ಕಂಡಾಗ, ಗೊರಗೊರ ಸದ್ದು ಕೇಳಿದಾಗ, ಪರದೆಯ ಗೆರೆ ಗರಗಸದ ಹಲ್ಲಿನಂತಾದಾಗ, ಒತ್ತಡ ಏರಿದಾಗ ಮಾತ್ರ ಸಕ್ಷನ್, ಮೊದಲು ಪೂರ್ತಿ ಆಮ್ಲಜನಕ, ಒಂದು ಸಲಕ್ಕೆ 15 ಸೆಕೆಂಡು ಮೀರದಂತೆ. ಯಾವ ಕಾರಣಕ್ಕಾದರೂ ಕೊಳವೆ ಬಿಡಿಸಲೇಬೇಕಾದರೆ ಮೊದಲು ಅದನ್ನು ಕ್ಲ್ಯಾಂಪ್‌ನಿಂದ ಬಿಗಿಯಬೇಕು, ಅದೂ ಉಸಿರು ಒಳಗೆ ಹೋದ ಕೊನೆಯಲ್ಲಿ. ಉಪ್ಪುನೀರು ಹಾಕಿ ಕಫ ಸಡಿಲಿಸುವ ಹಳೆಯ ಅಭ್ಯಾಸವನ್ನು ವಾಡಿಕೆಯಾಗಿ ಮಾಡಬೇಡಿ.

ಇಲ್ಲಿಯೇ ನಿಮ್ಮ ರೋಗಿ ಪುಸ್ತಕದ ರೋಗಿಯಿಂದ ಬೇರೆಯಾಗುವುದು. ಇಲಿಜ್ವರದಲ್ಲಿ ಶ್ವಾಸಕೋಶದೊಳಗೇ ರಕ್ತ ಸೋರಬಹುದು. ಪ್ಲೇಟ್‌ಲೆಟ್ 42 ಸಾವಿರ ಇರುವವರ ಶ್ವಾಸನಾಳಕ್ಕೆ ಸಕ್ಷನ್ ಕ್ಯಾತಿಟರ್ (ಕಫ ಎಳೆಯುವ ತೆಳು ನಳಿಕೆ) ಆಳವಾಗಿ ಚುಚ್ಚಿದರೆ ನೀವೇ ರಕ್ತ ಬರಿಸುತ್ತೀರಿ. ಕೊಳವೆಯ ತುದಿ ಮುಟ್ಟುವಷ್ಟು ಮಾತ್ರ ಇಳಿಸಿ. ಮೂಗಿನ ಮೂಲಕ ಏನನ್ನೂ ತೂರಿಸಬೇಡಿ, ಮೃದುವಾದ ಬ್ರಷ್‌ನಿಂದ ಹಲ್ಲುಜ್ಜಿ. ಕಫದ ಬಣ್ಣವನ್ನು ಪ್ರತಿ ಸಲ ಬರೆಯಿರಿ: ಗುಲಾಬಿ ನೊರೆಯೇ, ಹಳೆಯ ಕಂದು ಬಣ್ಣವೇ, ಕೆಂಪು ತಾಜಾ ರಕ್ತವೇ. ಬೆಳಿಗ್ಗೆ ಗುಲಾಬಿ ಇದ್ದದ್ದು ಸಂಜೆ ಕೆಂಪಾದರೆ ಅದು ಫೋನ್ ಮಾಡಬೇಕಾದ ಸುದ್ದಿ. ಮೈಕೈ ತಿರುಗಿಸುವಾಗ ಮೀನಖಂಡ ಹಿಡಿದು ಎಳೆಯಬೇಡಿ. ಇಲಿಜ್ವರದಲ್ಲಿ ಅಲ್ಲಿ ಮುಟ್ಟಿದರೆ ಸಾಕು, ಜೀವ ಹೋಗುವಷ್ಟು ನೋವು. ನಿದ್ದೆಯ ಮದ್ದಿನಲ್ಲಿರುವವರು ಕೂಗಲಾರರು. ನಾಡಿ ಮತ್ತು ರಕ್ತದೊತ್ತಡ ಏರಿದ್ದನ್ನು ನೋಡಿ ತಿಳಿಯಬೇಕು. ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಆದ ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ರಕ್ತದೊತ್ತಡ ಕುಸಿತ ಒಟ್ಟಿಗೆ ಬರುವುದೂ ಉಂಟು. ರೋಗಾಣುಗಳು ಒಮ್ಮೆಲೇ ಸಾಯುವಾಗ ಆಗುವ ಪ್ರತಿಕ್ರಿಯೆ ಅದು. ಮದ್ದಿನ ಅಲರ್ಜಿ ಎಂದು ನೀವಾಗಿಯೇ ನಿರ್ಧರಿಸದೆ ವೈದ್ಯರನ್ನು ಕರೆಯಿರಿ.

ಮೂತ್ರಪಿಂಡದ ಬಗ್ಗೆಯೂ ಒಂದು ಎಚ್ಚರಿಕೆ. ಕ್ರಿಯಾಟಿನಿನ್ 3.1 ಇದ್ದರೂ ಮೂತ್ರ ಧಾರಾಳವಾಗಿ ಬರುತ್ತಿರಬಹುದು, ಪೊಟ್ಯಾಸಿಯಂ ಏರುವ ಬದಲು ಇಳಿದಿರಬಹುದು. ಇಲಿಜ್ವರದ ಮೂತ್ರಪಿಂಡ ಹೀಗೆಯೇ ವರ್ತಿಸುವುದು ಹೆಚ್ಚು. 'ಮೂತ್ರ ಚೆನ್ನಾಗಿದೆ' ಎಂದು ಬರೆದು ನಿಶ್ಚಿಂತರಾಗಬೇಡಿ.

ಅದೇ ಹೊತ್ತಿಗೆ ಒಳಗೆ ಹೋಗುವ ನೀರನ್ನು ಕಾಯಬೇಕು. ಸೋರುವ ಶ್ವಾಸಕೋಶಕ್ಕೆ ಪ್ರತಿ ಲೋಟವೂ ಲೆಕ್ಕ. 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆಘಾತದ ಸ್ಥಿತಿ ದಾಟಿದ ರೋಗಿಗಳಿಗೆ ದ್ರವವನ್ನು ಬಿಗಿಹಿಡಿದು ಕೊಟ್ಟಾಗ ಸಾವಿನ ಪ್ರಮಾಣ ಬದಲಾಗಲಿಲ್ಲ, ಆದರೆ ವೆಂಟಿಲೇಟರ್‌ನಿಂದ ಬೇಗ ಬಿಡುಗಡೆ ಸಿಕ್ಕಿತು. ಡ್ರಿಪ್ ನಿಲ್ಲಿಸಿದ್ದೇವೆ ಎಂದುಕೊಂಡಿರುತ್ತೇವೆ. ದ್ರವ ಕದ್ದು ಬರುವುದು ಮದ್ದು ಕಲಸುವ ಬಾಟಲಿಗಳಲ್ಲಿ. ದಿನಕ್ಕೆ 100 ಮಿ.ಲೀ.ಯ ಆರು ಬಾಟಲಿ, ಪ್ರತಿ ಮದ್ದಿನ ನಂತರ ಡ್ರಿಪ್ ಕೊಳವೆ ತೊಳೆಯುವ ನೀರು, ಸಿರಿಂಜ್ ಪಂಪುಗಳು. ಒಂದು ಲೀಟರ್ ಹೀಗೆಯೇ ಆಗುತ್ತದೆ. ಇದನ್ನೆಲ್ಲ ಕೂಡಿಸಿ ಬರೆದು, ಯಾವುದನ್ನು ಕಡಿಮೆ ದ್ರವದಲ್ಲಿ ಕಲಸಬಹುದು ಎಂದು ಫಾರ್ಮಸಿಯವರನ್ನು ಕೇಳಿ. ವಿದ್ಯಾರ್ಥಿನಿಯೊಬ್ಬಳು ಇಂಥ ಲೆಕ್ಕ ತಂದು ಮುಂದಿಟ್ಟರೆ ಯಾವ ವೈದ್ಯರೂ ಸಿಟ್ಟಾಗುವುದಿಲ್ಲ.

ಇನ್ನು ಕವುಚಿ ಮಲಗಿಸುವ ವಿಷಯ. ನಿಮ್ಮ ರೋಗಿಯ ಪಿ-ಎಫ್ 150ಕ್ಕಿಂತ ಕೆಳಗಿದೆ, ಆಮ್ಲಜನಕ ಶೇ. 60ಕ್ಕಿಂತ ಮೇಲಿದೆ. ಫ್ರಾನ್ಸಿನ ಕ್ಲೋಡ್ ಗೆರಾಂ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರೊಸೇವಾ ಅಧ್ಯಯನ ಇಂಥವರ ಮೇಲೆಯೇ ನಡೆದದ್ದು. 466 ರೋಗಿಗಳಲ್ಲಿ ಒಂದು ಗುಂಪನ್ನು ಒಂದು ಸರದಿಗೆ ಕನಿಷ್ಠ 16 ಗಂಟೆ ಕವುಚಿ ಮಲಗಿಸಿದರು. 28 ದಿನಗಳಲ್ಲಿ ಅಂಗಾತ ಮಲಗಿದವರ ಪೈಕಿ ಶೇ. 32.8 ಮಂದಿ ತೀರಿಕೊಂಡರೆ, ಕವುಚಿದವರಲ್ಲಿ ಶೇ. 16. ಕಾರಣ ಮತ್ತೆ ಗದ್ದೆಯದೇ. ಮೈ ತಿರುಗಿದಾಗ ಬೈಲು ಮೇಲಕ್ಕೆ ಬರುತ್ತದೆ, ಹೃದಯದ ಭಾರ ಎದೆಮೂಳೆಯ ಮೇಲೆ ಕುಳಿತುಕೊಳ್ಳುತ್ತದೆ, ಬೆನ್ನಿನ ಕಡೆಯ ದೊಡ್ಡ ಭಾಗ ತೆರೆದುಕೊಳ್ಳುತ್ತದೆ. ತಿರುಗಿಸುವ ನಿರ್ಧಾರ ವೈದ್ಯರದು. ಧಾರಾಕಾರ ರಕ್ತ ಬರುತ್ತಿದ್ದರೆ, ಬೆನ್ನುಮೂಳೆ ಭದ್ರವಿಲ್ಲದಿದ್ದರೆ, ತಲೆಯೊಳಗಿನ ಒತ್ತಡ ಏರಿದ್ದರೆ ಅವರು ತಡೆಯುತ್ತಾರೆ. ಆದರೆ ಆ 16 ಗಂಟೆ ಸುರಕ್ಷಿತವಾಗಿ ಕಳೆಯುವುದು ಪೂರ್ತಿಯಾಗಿ ಶುಶ್ರೂಷೆಯ ಕೆಲಸ. ನಿಮ್ಮ ಯೋಜನೆಯಲ್ಲಿ ಇದಕ್ಕೆ ಒಂದು ಇಡೀ ಪುಟ ಕೊಡಿ.

ತಿರುಗಿಸುವ ಮೊದಲು ಹೊಟ್ಟೆಗೆ ಹೋಗುವ ಆಹಾರ ನಿಲ್ಲಿಸಿ, ನಳಿಕೆಯಿಂದ ಹೊಟ್ಟೆ ಖಾಲಿ ಮಾಡಿ. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್ ಹಾಕಿ. ಬಾಯಿಯ ಕೊಳವೆ ಎಷ್ಟನೇ ಸೆಂಟಿಮೀಟರ್‌ನಲ್ಲಿದೆ ಎಂದು ಗಟ್ಟಿಯಾಗಿ ಓದಿ ಹೇಳಿ, ಬರೆಯಿಸಿ. ಐದು ಜನ ಬೇಕು. ತಲೆಯ ಬಳಿ ನಿಂತವರು ಕೊಳವೆಯನ್ನು ಬೆರಳಲ್ಲೇ ಹಿಡಿದಿರುತ್ತಾರೆ. ಎಣಿಕೆ ಹೇಳುವವರೂ ಅವರೇ. ಬೇರೆ ಯಾರೂ ಎಣಿಸಬಾರದು, ಯಾರೂ ಅವಸರ ಮಾಡಬಾರದು. ಮೊದಲು ಹಾಸಿಗೆಯ ಅಂಚಿಗೆ, ನಂತರ ಮಗ್ಗುಲಿಗೆ, ನಂತರ ಕವುಚಿ. ಇಸಿಜಿಯ ಅಂಟುಗಳು ಬೆನ್ನಿಗೆ. ತಿರುಗಿದ ಕೂಡಲೇ ಕೊಳವೆಯ ಗುರುತು ಮತ್ತೆ ಓದಿ. ಎರಡೂ ಕಡೆ ಗಾಳಿ ಹೋಗುತ್ತಿದೆಯೇ ಎಂದು ಕೇಳಿ.

ಆಮೇಲಿನ ಗಂಟೆಗಳಲ್ಲಿ ನಿಮ್ಮ ಬೆರಳುಗಳು ಕಣ್ಣಿನ ಕೆಲಸ ಮಾಡಬೇಕು. ಎರಡು ಗಂಟೆಗೊಮ್ಮೆ ಮುಖವನ್ನು ಎಡಕ್ಕೆ, ಬಲಕ್ಕೆ ಬದಲಿಸಿ. ಈಜುವವರಂತೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇದ್ದದ್ದನ್ನೂ ಜೊತೆಗೇ ಬದಲಿಸಿ. ಪ್ರತಿ ಸಲ ಕೈಯನ್ನು ಕೆನ್ನೆಯ ಅಡಿಗೆ, ಗಲ್ಲದ ಅಡಿಗೆ, ಕಿವಿಯ ಮಡಿಕೆಗೆ, ಸ್ತನದ ಅಡಿಗೆ, ಮೊಣಕಾಲಿಗೆ ತೂರಿಸಿ ನೋಡಿ. ಮೂತ್ರದ ನಳಿಕೆ ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯೇ? ಕಣ್ಣುಗುಡ್ಡೆಯ ಮೇಲೆ ಒತ್ತಡ ಬೀಳುತ್ತಿದೆಯೇ? ಕರಿಮಣಿ ಸರ ಕತ್ತಿನಲ್ಲೇ ಉಳಿದಿದೆಯೇ? ಒಮ್ಮೆ ನೋಡಿದ್ದೇನೆ: ಹದಿನಾರು ಗಂಟೆಯ ನಂತರ ತಿರುಗಿಸಿದಾಗ ಎದೆಯ ಮೇಲೆ ಮಣಿಮಣಿಯಾಗಿ ಕೆಂಪು ಗುಳಿಗಳ ಸಾಲು ಮೂಡಿತ್ತು. ಸರ ತೆಗೆಯಲು ಮನೆಯವರನ್ನು ಕೇಳಬೇಕು, ಕೇಳಿ ತೆಗೆದು ಅವರ ಕೈಗೇ ಕೊಡಬೇಕು, ಕೊಟ್ಟದ್ದನ್ನು ಬರೆದಿಡಬೇಕು. ಇದೂ ಯೋಜನೆಯ ಒಂದು ಸಾಲೇ. ಆಹಾರವನ್ನು ಕವುಚಿದ್ದಾಗಲೂ ನಳಿಕೆಯಲ್ಲಿ ನಿಧಾನವಾಗಿ ಮುಂದುವರಿಸಬಹುದು, ಇಡೀ ಹಾಸಿಗೆಯ ತಲೆಭಾಗವನ್ನು ಸ್ವಲ್ಪ ಓರೆಯಾಗಿ ಏರಿಸಿ.

ಮನೆಯವರಿಗೆ ಮೊದಲೇ ಹೇಳಿ. ಕವುಚಿ ಮಲಗಿದವರ ಮುಖ ಊದಿಕೊಳ್ಳುತ್ತದೆ. ಕಣ್ಣು ತೆರೆಯಲಾಗದಷ್ಟು ಊದುವುದುಂಟು. ಹೇಳದೆ ಒಳಗೆ ಬಿಟ್ಟರೆ ಬೈಂದೂರಿನಿಂದಲೋ ಕಾರ್ಕಳದಿಂದಲೋ ಬಸ್ ಹಿಡಿದು ಬಂದ ಮಗನಿಗೆ ಅಮ್ಮನ ಗುರುತೇ ಸಿಗುವುದಿಲ್ಲ. 'ಬೆನ್ನಿನ ಕಡೆಯ ಶ್ವಾಸಕೋಶ ತೆರೆಯಲು ಹೀಗೆ ಮಲಗಿಸಿದ್ದೇವೆ, ಮುಖದ ಊತ ಇಳಿಯುತ್ತದೆ' ಎಂಬ ಎರಡು ವಾಕ್ಯ ಬಾಗಿಲಲ್ಲೇ ಹೇಳಬೇಕು, ಅವರ ಭಾಷೆಯಲ್ಲಿ.

ಭಾಷೆ ಎಂದಾಗ ನೆನಪಾಯಿತು. ನಮ್ಮ ಐಸಿಯುಗಳಲ್ಲಿ ಕೆಲಸ ಮಾಡುವವರಲ್ಲಿ ಅನೇಕರ ಮನೆಮಾತು ಮಲಯಾಳಂ. ರೋಗಿಗಳು ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತನಾಡುವವರು. ಬಾಯಲ್ಲಿ ಕೊಳವೆ ಇರುವವರು ಎಚ್ಚರವಾದಾಗ ಮೊದಲು ಕೇಳಿಸಬೇಕಾದದ್ದು ಅವರ ಮಾತು. ನಿಮ್ಮ ರೋಗಿ ತುಳುವಿನವರಾದರೆ 'ಬೇನೆ ಉಂಡಾ?' ಎಂದು ಕೇಳಿ, ರೆಪ್ಪೆ ಮುಚ್ಚಿ ತೆರೆದು ಉತ್ತರಿಸಲು ಕಲಿಸಿ. ನೋವು, ಬಾಯಾರಿಕೆ, ಉಸಿರು, ಹೆದರಿಕೆ, ಮನೆಯವರು ಎಂಬ ಐದು ಚಿತ್ರಗಳ ಹಲಗೆ ಮಾಡಿಡಿ. 'ಆತಂಕ' ಎಂಬ ನಿದಾನದ ಕೆಳಗೆ 'ಧೈರ್ಯ ತುಂಬುವುದು' ಎಂದು ಬರೆಯುವ ಬದಲು ಈ ಐದು ಚಿತ್ರಗಳನ್ನು ಬರೆಯಿರಿ.

ಸ್ನಾಯು ಸಡಿಲಿಸುವ ಮದ್ದು ಓಡುತ್ತಿದ್ದರೆ ಜವಾಬ್ದಾರಿ ಇನ್ನೂ ದೊಡ್ಡದು. ಆ ಮದ್ದು ಮೈಯನ್ನು ಕಟ್ಟಿಹಾಕುತ್ತದೆ, ಪ್ರಜ್ಞೆಯನ್ನಲ್ಲ. ನಿದ್ದೆಯ ಮದ್ದಿನ ಸಿರಿಂಜ್ ಖಾಲಿಯಾದರೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ, ಎಲ್ಲ ನೋವನ್ನೂ ಅನುಭವಿಸುತ್ತಾ, ಬೆರಳನ್ನೂ ಅಲುಗಿಸಲಾಗದೆ ಅವರು ಮಲಗಿರುತ್ತಾರೆ. ಆದ್ದರಿಂದ ಬದಲಿ ಸಿರಿಂಜ್ ತುಂಬಿ ಸಿದ್ಧವಾಗಿಟ್ಟಿರಬೇಕು; ಕಾರಣವಿಲ್ಲದೆ ನಾಡಿ ಏರಿದರೆ, ಬೆವರು, ಕಣ್ಣೀರು ಕಂಡರೆ ಮೊದಲು ಆ ಪಂಪಿನ ಕಡೆ ನೋಡಬೇಕು.

ಉಳಿದವನ್ನು ಬೇಗ ಹೇಳುತ್ತೇನೆ, ಏಕೆಂದರೆ ಇವು ನಿಮ್ಮ ಪುಸ್ತಕದಲ್ಲಿ ಸರಿಯಾಗಿಯೇ ಇರುತ್ತವೆ. ಅಂಗಾತ ಇದ್ದಾಗ ತಲೆಭಾಗ 30ರಿಂದ 45 ಡಿಗ್ರಿ, ಕಫ್ ಒತ್ತಡ (ಕೊಳವೆಯನ್ನು ಶ್ವಾಸನಾಳದಲ್ಲಿ ಬಿಗಿಯಾಗಿ ಕೂರಿಸುವ ಗಾಳಿಬುಗ್ಗೆಯ ಒತ್ತಡ) 20ರಿಂದ 30 ಸೆಂ.ಮೀ. ನೀರಿನಷ್ಟು, ಕೈ ತೊಳೆಯುವುದು, ಸಾಧ್ಯವಾದರೆ ಮೊದಲ 48 ಗಂಟೆಯೊಳಗೆ ನಳಿಕೆಯ ಆಹಾರ, ಸ್ಥಿತಿ ಸುಧಾರಿಸಿದ ಮೇಲೆ ದಿನಕ್ಕೊಮ್ಮೆ ನಿದ್ದೆಯ ಮದ್ದು ತಗ್ಗಿಸಿ ನೋಡುವುದು. ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ಕಾಲಿನ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬದಲು ಗಾಳಿ ತುಂಬುವ ಕಾಲುಪಟ್ಟಿ ಬೇಕೇ ಎಂದು ವೈದ್ಯರನ್ನು ಕೇಳಿ.

ಒತ್ತಡದ ಅಲಾರಾಂ ಕೂಗಿ, ಸ್ಯಾಚುರೇಶನ್ ದಿಢೀರನೆ ಬಿದ್ದರೆ ನಾಲ್ಕು ಪ್ರಶ್ನೆ ಇದೇ ಕ್ರಮದಲ್ಲಿ: ಕೊಳವೆ ಜಾರಿದೆಯೇ? ಕಟ್ಟಿಕೊಂಡಿದೆಯೇ? ಒಂದು ಕಡೆ ಉಸಿರಿನ ಸದ್ದೇ ಇಲ್ಲವೇ, ಅಂದರೆ ಶ್ವಾಸಕೋಶದ ಹೊರಗೆ ಗಾಳಿ ತುಂಬಿದೆಯೇ? ಯಂತ್ರ ಕೆಟ್ಟಿದೆಯೇ? ಅಲಾರಾಂ ಮೌನಗೊಳಿಸುವ ಗುಂಡಿ ಒತ್ತುವುದು ಇವುಗಳ ನಂತರ. ಕೈಯಿಂದ ಒತ್ತಿ ಉಸಿರು ಕೊಡುವ, ಪೀಪ್ ಕವಾಟ ಇರುವ ಚೀಲ ಹಾಸಿಗೆಯ ಬಳಿ ತೂಗುತ್ತಿದೆಯೇ ಎಂದು ಪಾಳಿ ಶುರುವಾದ ಕೂಡಲೇ ನೋಡಿ.

ನಾಳೆ ನಿಮಗೆ ಕೊಳವೆ ಹಾಕಿಲ್ಲದ ರೋಗಿಯನ್ನು ವಹಿಸಬಹುದು. ಮೂಗಿನ ಮೂಲಕ ರಭಸವಾಗಿ ಕೊಡುವ ಹೈಫ್ಲೋ ಆಮ್ಲಜನಕದಲ್ಲಿ ಏದುಸಿರು ಬಿಡುತ್ತಾ ಕುಳಿತವರು. ಅವರ ವಿಷಯದಲ್ಲಿ ನನಗೆ ಹೆಚ್ಚು ಭಯ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಚಾರ್ಟ್‌ನಲ್ಲಿ ಎಲ್ಲರಿಗೂ '20' ಎಂದು ಬರೆಯುವ ಕೆಟ್ಟ ಅಭ್ಯಾಸ ಬೇಡ. ಸ್ಯಾಚುರೇಶನ್ನನ್ನು ಆಮ್ಲಜನಕದ ಪ್ರಮಾಣದಿಂದ ಭಾಗಿಸಿ, ಬಂದದ್ದನ್ನು ಉಸಿರಾಟದ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ರಾಕ್ಸ್ ಸೂಚ್ಯಂಕ. ಸ್ಯಾಚುರೇಶನ್ 90, ಆಮ್ಲಜನಕ 0.7, ಉಸಿರು 38 ಇದ್ದರೆ 3.4 ಬರುತ್ತದೆ. 4.88ಕ್ಕಿಂತ ಮೇಲಿದ್ದರೆ ಸ್ವಲ್ಪ ನೆಮ್ಮದಿ. 12 ಗಂಟೆಯಾದರೂ 3.85ಕ್ಕಿಂತ ಕೆಳಗೇ ಇದ್ದರೆ ಕೊಳವೆಯ ಸಿದ್ಧತೆ ನಡೆಯಬೇಕು. 38 ಇದ್ದ ಉಸಿರು ಇದ್ದಕ್ಕಿದ್ದಂತೆ 18ಕ್ಕೆ ಇಳಿದು, ರೋಗಿ ತೂಕಡಿಸತೊಡಗಿದರೆ ಅದನ್ನು ಸುಧಾರಣೆ ಎಂದು ಬರೆಯಬೇಡಿ. ಅವರು ದಣಿದಿದ್ದಾರೆ. ಓಡಿ ಹೋಗಿ ಕರೆಯಿರಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಬೆರಳಿನ ಯಂತ್ರ ತಪ್ಪು ಹೇಳುತ್ತದೆ; ಮೈಬಣ್ಣ ಕಪ್ಪಗಿರುವವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವುದೂ ಇದೆ. ಅನುಮಾನ ಬಂದರೆ ಎಬಿಜಿ ಕೇಳಿ.

ನಿಮ್ಮ ಯೋಜನೆಯಲ್ಲಿ ಕೊನೆಗೆ ಇನ್ನೊಂದು ಪುಟ ಇರಲಿ, ಮನೆಗೆ ಹೋಗುವ ದಿನದ್ದು. ಕೆನಡಾದ ಮಾರ್ಗರೆಟ್ ಹೆರಿಜ್ ಮತ್ತು ಸಂಗಡಿಗರು ಎಆರ್‌ಡಿಎಸ್‌ನಿಂದ ಬದುಕುಳಿದ 109 ಮಂದಿಯನ್ನು ಐದು ವರ್ಷ ಹಿಂಬಾಲಿಸಿದರು. ಐದು ವರ್ಷದ ನಂತರವೂ ಆರು ನಿಮಿಷದ ನಡಿಗೆಯಲ್ಲಿ ಅವರು ಕ್ರಮಿಸಿದ ದೂರ ಅವರಿಂದ ನಿರೀಕ್ಷಿಸಬಹುದಾದದ್ದರ ಶೇ. 76ರಷ್ಟು ಮಾತ್ರ. ಶ್ವಾಸಕೋಶ ಬಹುಪಾಲು ಸುಧಾರಿಸಿತ್ತು. ಸ್ನಾಯು ಮತ್ತು ಮನಸ್ಸು ಹಿಂದುಳಿದಿದ್ದವು. ಆದ್ದರಿಂದ ಕೈಕಾಲು ಮಡಚಿ ಬಿಡಿಸುವ ವ್ಯಾಯಾಮ ರೋಗಿ ಮಲಗಿದ್ದಾಗಲೇ ಶುರುವಾಗಬೇಕು. ಹಾಸಿಗೆಯ ಬಳಿ ಒಂದು ಸಾಮಾನ್ಯ ನೋಟ್‌ಬುಕ್ ಇಟ್ಟು ದಿನಕ್ಕೆರಡು ಸಾಲು ಬರೆಯಿರಿ, ಮನೆಯವರಿಂದಲೂ ಬರೆಯಿಸಿ: 'ಇವತ್ತು ನಿಮ್ಮನ್ನು ಅಂಗಾತ ತಿರುಗಿಸಿದೆವು. ನಿಮ್ಮ ಮಗ ಬಂದು ಕಾಲು ನೀವಿದ.' ಕಳೆದುಹೋದ ದಿನಗಳಲ್ಲಿ ಏನಾಯಿತು ಎಂಬುದು ಗೊತ್ತಿಲ್ಲದೆ, ಕೆಟ್ಟ ಕನಸುಗಳನ್ನೇ ನೆನಪೆಂದು ತಿಳಿದು ಒದ್ದಾಡುವವರಿಗೆ ಆ ಪುಸ್ತಕ ಹಿಡಿದುಕೊಳ್ಳಲು ಒಂದು ದಾರ.

ಮತ್ತು ಮನೆಗೆ ಹೊರಡುವಾಗ ಅವರು ಕೇಳಿಯೇ ಕೇಳುತ್ತಾರೆ, ಬರುವ ಏಣೆಲಿಗೆ (ಮಳೆಗಾಲದ ಭತ್ತದ ಬೆಳೆಗೆ) ಗದ್ದೆಗೆ ಇಳಿಯಬಹುದೇ ಎಂದು. 'ಇನ್ನು ಗದ್ದೆಗೆ ಹೋಗಬೇಡಿ' ಎಂದು ಹೇಳುವುದು ಸುಲಭ, ಆದರೆ ಅವರ ಅನ್ನ ಅಲ್ಲಿದೆ. ಕಾಲಿನ ಒಡಕು, ಗಾಯಗಳನ್ನು ತೋರಿಸಲು ಹೇಳಿ, ಅವುಗಳನ್ನು ಮುಚ್ಚಿಕೊಳ್ಳುವುದನ್ನು ಕಲಿಸಿ. ಮೊಣಕಾಲೆತ್ತರದ ಗಂಬೂಟು, ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈಕಾಲು ತೊಳೆಯುವುದು. ನೆಡುವ ದಿನಗಳಲ್ಲಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಲು ಚೀಟಿಯಲ್ಲಿ ಬರೆದು ಕೊಡಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯದೆ ಅದೇ ದಿನ ಬರಬೇಕು. ಜೊತೆಗೆ ನೆಟ್ಟ ಹೆಂಗಸರಿಗೂ ಅವರು ಇದನ್ನು ಹೇಳಬೇಕು.

ಟೇಪು ಹಿಡಿದು ಅಳೆದ ಮೇಲೆ ಎತ್ತರ ಎಷ್ಟು ಬಂತು ಎಂದು ನನಗೂ ಬರೆಯಿರಿ. 158 ಬಂದರೆ ಅಂಕಿ 260 ಅಲ್ಲ, 304.